47 ಮಿಮೀ ಜಾಗದಲ್ಲಿ 47 ಮಿಮೀ ಕೂಲರ್ ಕೂರುತ್ತಾ? ತೆಳ್ಳನೆಯ ಸಿಪಿಯು ಕೂಲರ್ ಬಗ್ಗೆ ಸಲಹೆ ಬೇಕು

ಗಿರಿಯಂಚು, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ಐ.ಜಿ. ರಸ್ತೆ ಹತ್ತಿರ ನನ್ನದೊಂದು ಸಣ್ಣ ಅಂಗಡಿ ಇದೆ. ಲಗ್ನಪತ್ರಿಕೆ, ಆಲ್ಬಂ ಡಿಸೈನ್, ಮದುವೆ ವಿಡಿಯೊ ಎಡಿಟಿಂಗ್, ನಡುನಡುವೆ ಹೋಂಸ್ಟೇಯವರ ಬ್ಯಾನರು, ಇಷ್ಟೇ ಕೆಲಸ. ಗಿರಾಕಿ ಕೌಂಟರ್ ಮೇಲೆ ಮೊಣಕೈ ಊರಿದರೆ ನನಗೆ ಮೌಸ್ ಆಡಿಸಲು ಜಾಗ ಇರುವುದಿಲ್ಲ. ಅದಕ್ಕೇ ದೊಡ್ಡ ಕ್ಯಾಬಿನೆಟ್ ತೆಗೆದು, ಮಾನಿಟರ್ ಹಿಂದೆ ನಿಲ್ಲಿಸುವಂಥ ತೆಳ್ಳನೆಯ ಮಿನಿ ಐಟಿಎಕ್ಸ್ (ಪುಟ್ಟ ಬೋರ್ಡಿನ ಅಳತೆ) ಕೇಸ್ ತರಿಸಿದ್ದೇನೆ. ಪ್ರೊಸೆಸರ್ ರೈಜನ್ 5 5600ಜಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಹಾಕುವ ಯೋಚನೆಯೂ ಇಲ್ಲ.

ಈಗ ತಲೆನೋವು ಕೂಲರ್‌ದು, ಅಂದರೆ ಪ್ರೊಸೆಸರ್ ತಣ್ಣಗಿಡಲು ಅದರ ಮೇಲೆ ಕೂರಿಸುವ ಲೋಹದ ರೆಕ್ಕೆಗಳು ಮತ್ತು ಫ್ಯಾನ್. ಕೇಸಿನ ಕೈಪಿಡಿಯಲ್ಲಿ ಕೂಲರ್ ಎತ್ತರ ಗರಿಷ್ಠ 47 ಮಿಮೀ ಅಂತಿದೆ. ಪ್ರೊಸೆಸರ್ ಜೊತೆ ಬರುವ ರೇತ್ ಸ್ಟೆಲ್ತ್ ಕೂಲರ್ 54 ಮಿಮೀ, ಮುಚ್ಚಳ ಹಾಕಲು ಆಗಲ್ಲ. ಸದ್ಯಕ್ಕೆ ಬೋರ್ಡನ್ನು ರಟ್ಟಿನ ಮೇಲೆ ಇಟ್ಟು ಅದೇ ಕೂಲರ್‌ನಲ್ಲಿ ಕೆಲಸ ನಡೆಸುತ್ತಿದ್ದೇನೆ, ಮನೆಯವರು ನೋಡಿ ನಗುತ್ತಿದ್ದಾರೆ.

ಹುಡುಕಿದ್ದರಲ್ಲಿ ಎರಡು ಕಣ್ಣಿಗೆ ಬಿದ್ದವು. ಒಂದು ಥರ್ಮಲ್‌ರೈಟ್ ಎಎಕ್ಸ್‌ಪಿ90-ಎಕ್ಸ್47. ನಾಲ್ಕು ಹೀಟ್‌ಪೈಪ್ (ಶಾಖ ಒಯ್ಯುವ ಕೊಳವೆ), ಎತ್ತರ ಸರಿಯಾಗಿ 47. ಅದರಲ್ಲೇ ಪೂರ್ತಿ ತಾಮ್ರದ್ದೂ ಸಿಗುತ್ತದೆ. ಇನ್ನೊಂದು ನಾಕ್ಟುವಾ ಎನ್‌ಎಚ್-ಎಲ್9ಎ-ಎಎಂ4. ಎತ್ತರ 37 ಮಿಮೀ, ಹೀಟ್‌ಪೈಪ್ ಎರಡೇ, ಆದರೆ ಬೆಲೆ ಜಾಸ್ತಿ. ನನ್ನ ಲೆಕ್ಕಕ್ಕೆ ನಾಲ್ಕು ಪೈಪಿನದು, ಎತ್ತರ ಇರುವುದು, ತಾಮ್ರದ್ದು ಅಂದರೆ ಜಾಸ್ತಿ ತಣ್ಣಗಿರಬೇಕು. ಎರಡು ಪೈಪಿನದಕ್ಕೆ ಯಾಕೆ ಹೆಚ್ಚು ದುಡ್ಡು ಕೊಡಬೇಕು ಅಂತ ಅರ್ಥ ಆಗುತ್ತಿಲ್ಲ.

47ರ ಮಿತಿಯಲ್ಲಿ 47ರದ್ದೇ ಹಾಕಿದರೆ ತೊಂದರೆ ಇದೆಯಾ? ಗಿರಾಕಿ ಒಂದು ಮೊಳ ದೂರದಲ್ಲಿ ಕೂರುತ್ತಾರೆ, ಫ್ಯಾನ್ ಕಿರುಚಿದರೆ ಕಷ್ಟ. ಮತ್ತೆ ನಮ್ಮ ಕಡೆ ಜೂನ್‌ನಿಂದ ಮಳೆ ಹಿಡಿದರೆ ಗೋಡೆಯೇ ಬೆವರುತ್ತದೆ, ಅದಕ್ಕೇನಾದರೂ ನೋಡಿಕೊಳ್ಳಬೇಕಾ? ಗೊತ್ತಿರುವವರು ಹೇಳಿ.

ಬೋರ್ಡುಬಿಚ್ಚಪ್ಪ, ಹಾಸನ

ಸಾಲಗಾಮೆ ರಸ್ತೆಯಲ್ಲಿ ರಿಪೇರಿ ಬೆಂಚ್ ಇಟ್ಟುಕೊಂಡಿದ್ದೇನೆ. ಸಣ್ಣ ಕೇಸುಗಳು ಈಗ ಹೆಚ್ಚು ಬರುತ್ತಿವೆ, ಬರುವ ದೂರು ಮಾತ್ರ ಯಾವಾಗಲೂ ಒಂದೇ. ಬಿಸಿ ಇಲ್ಲವೇ ಸದ್ದು.

ನೀವು ಪೈಪ್ ಎಣಿಸುತ್ತಿದ್ದೀರಿ. ಮೊದಲು ನೋಡಬೇಕಾದದ್ದು ಫ್ಯಾನ್‌ಗೆ ಗಾಳಿ ಎಲ್ಲಿಂದ ಬರುತ್ತದೆ ಅನ್ನುವುದು. ದೊಡ್ಡ ಕ್ಯಾಬಿನೆಟ್‌ನಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ, ಒಳಗೆ ಬೇಕಾದಷ್ಟು ಗಾಳಿ ಇರುತ್ತದೆ. ತೆಳ್ಳನೆಯ ಕೇಸಿನಲ್ಲಿ ಫ್ಯಾನ್ ಮೇಲೆ ಮುಚ್ಚಳ ಬಂದು ಕೂರುತ್ತದೆ. 47ರ ಜಾಗದಲ್ಲಿ 47ರ ಕೂಲರ್ ಅಂದರೆ ಫ್ಯಾನಿನ ಚೌಕಟ್ಟು ತಗಡನ್ನು ಮುಟ್ಟಿಕೊಂಡೇ ಇರುತ್ತದೆ. ಆ ತಗಡಿನಲ್ಲಿ ಸರಿಯಾಗಿ ಫ್ಯಾನ್ ಎದುರಿಗೆ ತೂತು ಇಲ್ಲದಿದ್ದರೆ ಫ್ಯಾನ್ ಎಷ್ಟು ತಿರುಗಿದರೂ ಎಳೆಯಲು ಗಾಳಿಯೇ ಇಲ್ಲ. ಮೂಗು ಹಿಡಿದುಕೊಂಡು ಮುಳ್ಳಯ್ಯನಗಿರಿ ಹತ್ತಿದ ಹಾಗೆ. ಆಗ ನಿಮ್ಮ ನಾಲ್ಕು ಪೈಪು, ತಾಮ್ರ ಎಲ್ಲಾ ಸುಮ್ನೆ ಕೂತಿರುತ್ತವೆ.

37ರದ್ದು ಹಾಕಿದರೆ ಮೇಲೆ 10 ಮಿಮೀ ಉಳಿಯುತ್ತದೆ. ತೂತಿಲ್ಲದ ಮುಚ್ಚಳವಾದರೂ ಆ ಸಂದಿಯಿಂದ ಫ್ಯಾನ್ ಗಾಳಿ ಎಳೆದುಕೊಳ್ಳುತ್ತದೆ. ಅದಕ್ಕೇ ಎಷ್ಟೋ ಸಲ ಗಿಡ್ಡ ಕೂಲರ್ ಎತ್ತರದ ಕೂಲರ್‌ಗಿಂತ ತಣ್ಣಗಿರುತ್ತದೆ. ಕೇಸ್ ಬಿಟ್ಟು ಬಯಲಲ್ಲಿ ಇಟ್ಟು ಅಳೆದರೆ ಎಕ್ಸ್47 ಮುಂದಿರಬೇಕು, ಅದರಲ್ಲಿ ಅನುಮಾನ ಇಲ್ಲ. ನೀವು ಬಯಲಲ್ಲಿ ಇಡುವುದಿಲ್ಲವಲ್ಲ.

ಅದಿರಲಿ, 47 ಅನ್ನುವುದನ್ನು ನಂಬುವ ಮೊದಲು ನೀವೇ ಅಳೆಯಿರಿ. ಕೂಲರ್ ಎತ್ತರ ಅಂದರೆ ಪ್ರೊಸೆಸರಿನ ಲೋಹದ ಮೇಲ್ಮೈಯಿಂದ ಫ್ಯಾನಿನ ತುದಿವರೆಗೆ. ಬೋರ್ಡಿನಿಂದ ಅಲ್ಲ. ಸ್ಟೀಲ್ ಸ್ಕೇಲನ್ನು ಪ್ರೊಸೆಸರ್ ಪಕ್ಕ ನಿಲ್ಲಿಸಿ ಅಳೆದರೆ ಸಾಕೆಟ್ಟಿನ ಎತ್ತರವೂ ಸೇರಿಬಿಡುತ್ತದೆ, ಲೆಕ್ಕ ತಪ್ಪುತ್ತದೆ. ಕೇಸಿನ ಅಂಚಿಗೆ ಅಡ್ಡಲಾಗಿ ಒಂದು ಪಟ್ಟಿ ಇಟ್ಟು, ಅಲ್ಲಿಂದ ಕೆಳಗೆ ಪ್ರೊಸೆಸರ್ ಮೇಲ್ಮೈಗೆ ಅಳೆಯಿರಿ. ಮುಚ್ಚಳದ ಒಳಗೆ ಮಡಚಿದ ಅಂಚು, ಧೂಳಿನ ಜಾಲರಿ ಏನಾದರೂ ಇದ್ದರೆ ಅದನ್ನೂ ಕಳೆಯಿರಿ. ಕೇಸಿನಿಂದ ಕೇಸಿಗೆ ಇದು ಬಹಳ ಬದಲಾಗುತ್ತದೆ. ಆಸ್‌ರಾಕ್ ಡೆಸ್ಕ್‌ಮಿನಿ ಎಕ್ಸ್300ಗೆ ಮಿತಿ 46, ಇನ್‌ವಿನ್ ಚಾಪಿನ್‌ನ ಮೊದಲ ಮಾದರಿಗೆ 43. ಎಕ್ಸ್47 ಈ ಎರಡರಲ್ಲೂ ಹಿಡಿಸುವುದಿಲ್ಲ. ಒಂದು ಮಿಲಿಮೀಟರಿಗೆ ವಾಪಸ್ ಕಳಿಸಿದವರಿದ್ದಾರೆ.

ಮುಚ್ಚಳದಲ್ಲಿ ತೂತು ಎಲ್ಲಿದೆ ಹೇಳಿ. ಆಮೇಲೆ ಮುಂದಿನ ಮಾತು.

ಕಟ್ಟೆಪುರಾಣ

ಲ್ಯಾಪ್‌ಟಾಪ್ ತಗೊಳ್ಳಿ ಸ್ವಾಮಿ, ಕೂಲರ್ ಅದರೊಳಗೇ ಬರುತ್ತದೆ.

ತಾಮ್ರದಕಡ್ಡಿ, ಹಾಸನ

ಕಟ್ಟೆಪುರಾಣ ಅವರೇ, ಲ್ಯಾಪ್‌ಟಾಪ್‌ನಲ್ಲಿ ಇರುವುದೂ ಇದೇ ತೆಳ್ಳನೆ ಕೂಲರ್ರೇ. ಬಿಚ್ಚಿ ಬದಲಾಯಿಸಲು ಆಗಲ್ಲ, ಅಷ್ಟೇ ವ್ಯತ್ಯಾಸ.

ಗಿರಿಯಂಚು, ಬಿಚ್ಚಪ್ಪನವರು ಗಾಳಿ ಬಗ್ಗೆ ಹೇಳಿದ್ದು ಸರಿ. ಪೈಪು ಮತ್ತು ತಾಮ್ರದ ಬಗ್ಗೆ ನಾನು ಸ್ವಲ್ಪ ಹೇಳುತ್ತೇನೆ. ಮೆಕ್ಯಾನಿಕಲ್ ಓದಿದವನು, ಉದ್ದ ಆದರೆ ಬೈಕೋಬೇಡಿ.

ಹೀಟ್‌ಪೈಪ್ ಅಂದರೆ ಗಟ್ಟಿ ತಾಮ್ರದ ಕಂಬಿ ಅಲ್ಲ. ಟೊಳ್ಳು ಕೊಳವೆ. ಒಳಗೋಡೆಗೆ ಸಣ್ಣ ಸಣ್ಣ ರಂಧ್ರ ಇರುವ ತಾಮ್ರದ ಪುಡಿಯ ಪದರ ಅಂಟಿಸಿರುತ್ತಾರೆ. ಅದರಲ್ಲಿ ಚೂರೇ ಚೂರು ನೀರು ಹಾಕಿ, ಗಾಳಿ ಹೊರಗೆ ಎಳೆದು, ಎರಡೂ ತುದಿ ಮುಚ್ಚಿರುತ್ತಾರೆ. ಒತ್ತಡ ಕಡಿಮೆ ಇರುವುದರಿಂದ ಆ ನೀರು ಆವಿಯಾಗಲು ನೂರು ಡಿಗ್ರಿ ಬೇಕಾಗಿಲ್ಲ. ಪ್ರೊಸೆಸರ್ ಮೇಲಿನ ಭಾಗದಲ್ಲಿ ಆವಿಯಾಗಿ, ತಣ್ಣಗಿರುವ ತುದಿಗೆ ಓಡಿ, ಅಲ್ಲಿ ಮತ್ತೆ ನೀರಾಗಿ, ಪುಡಿಯ ಪದರ ಹಿಡಿದು ವಾಪಸ್ ಬರುತ್ತದೆ. ಪಂಪ್ ಇಲ್ಲ, ಸದ್ದಿಲ್ಲ. ಆ ಪದರ ನೀರನ್ನು ಎಳೆದುಕೊಳ್ಳುವುದರಿಂದಲೇ ಕೇಸನ್ನು ಮಲಗಿಸಿದರೂ ನಿಲ್ಲಿಸಿದರೂ ಕೆಲಸ ನಡೆಯುತ್ತದೆ. ನೀವು ಮಾನಿಟರ್ ಹಿಂದೆ ನಿಲ್ಲಿಸುತ್ತೀರಲ್ಲ, ಅದರಿಂದ ಏನೂ ತೊಂದರೆ ಇಲ್ಲ.

ತೆಳ್ಳನೆ ಕೂಲರಿನಲ್ಲಿ ಕಷ್ಟ ಏನಂದರೆ, ಪೈಪನ್ನು ಅಷ್ಟು ಗಿಡ್ಡ ಜಾಗದಲ್ಲಿ ಬಗ್ಗಿಸಬೇಕು. ಎಕ್ಸ್47 ಥರದ್ದರಲ್ಲಿ ಪೈಪು ತಳದಿಂದ ಹೊರಟು ಪಕ್ಕಕ್ಕೆ ಬಂದು, ಮೇಲಕ್ಕೆ ತಿರುಗಿ, ಮತ್ತೆ ಒಳಗೆ ರೆಕ್ಕೆಗಳ ನಡುವೆ ಹೋಗುತ್ತದೆ. ನಾಕ್ಟುವಾ ಎಲ್9ರಲ್ಲಿ ಅಷ್ಟು ಎತ್ತರವೇ ಇಲ್ಲ. ಫ್ಯಾನ್ ತೆಗೆದರೆ ಉಳಿಯುವುದು ಬರೀ 23 ಮಿಮೀ. ಹಾಗಾಗಿ ಅಲ್ಲಿ ಅಲ್ಯೂಮಿನಿಯಂ ರೆಕ್ಕೆಗಳು ತಳದ ತಾಮ್ರಕ್ಕೇ ಬೆಸೆದುಕೊಂಡು ನಿಂತಿವೆ, ಎರಡು ಪೈಪು ಶಾಖವನ್ನು ಅಂಚಿನ ರೆಕ್ಕೆಗಳವರೆಗೆ ಹರಡುವ ಕೆಲಸ ಮಾಡುತ್ತವೆ, ಅಷ್ಟೇ. ನಾಲ್ಕು ಪೈಪಿನದು ಎರಡು ಪೈಪಿನದರ ಎರಡರಷ್ಟು ತಣ್ಣಗಿರುತ್ತದೆ ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ.

ಇನ್ನು ಪೂರ್ತಿ ತಾಮ್ರದ್ದು. ನೋಡಲು ಚೆಂದ, ಒಪ್ಪುತ್ತೇನೆ. ತಾಮ್ರ ಅಲ್ಯೂಮಿನಿಯಂಗಿಂತ ಶಾಖವನ್ನು ಸುಮಾರು ಒಂದೂಮುಕ್ಕಾಲು ಪಟ್ಟು ಚೆನ್ನಾಗಿ ಒಯ್ಯುತ್ತದೆ ಅನ್ನುವುದೂ ನಿಜ. ಆದರೆ ಇಷ್ಟು ಸಣ್ಣ ರೆಕ್ಕೆಯಲ್ಲಿ ಶಾಖ ಪೈಪಿನಿಂದ ರೆಕ್ಕೆಯ ತುದಿಗೆ ಹೋಗುವುದು ಒಂದೆರಡು ಸೆಂಟಿಮೀಟರ್ ದಾರಿ. ಅಡಚಣೆ ಇರುವುದು ಅಲ್ಲಲ್ಲ. ರೆಕ್ಕೆಯಿಂದ ಗಾಳಿಗೆ ದಾಟುವ ಕಡೆ ಇದೆ. ಗಾಳಿಗೆ ಎದುರಿಗಿರುವುದು ತಾಮ್ರವೋ ಅಲ್ಯೂಮಿನಿಯಮ್ಮೋ ಅನ್ನುವುದು ಗೊತ್ತಾಗುವುದಿಲ್ಲ. ಒಂದೆರಡು ಡಿಗ್ರಿ ಸಿಕ್ಕರೆ ಪುಣ್ಯ. ಬದಲಿಗೆ ತಾಮ್ರದ ಸಾಂದ್ರತೆ ಅಲ್ಯೂಮಿನಿಯಂನ ಮೂರು ಪಟ್ಟಿಗಿಂತ ಜಾಸ್ತಿ. ನಿಂತಿರುವ ಕೇಸಿನಲ್ಲಿ ಆ ಭಾರ ಎಲ್ಲಾ ಬೋರ್ಡಿನಿಂದ ನೇತಾಡುತ್ತದೆ. ನನಗಂತೂ ಬೇಡ.

ಇನ್ನೊಂದು ತಮಾಷೆಯ ವಿಷಯ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ಮಂಗಳೂರಿನ ಗಾಳಿಗಿಂತ ಸುಮಾರು ಶೇ 10ರಷ್ಟು ತೆಳು. ಫ್ಯಾನ್ ಅಷ್ಟೇ ಸುತ್ತು ತಿರುಗಿದರೂ ಸಾಗಿಸುವ ಗಾಳಿಯ ತೂಕ ಅಷ್ಟು ಕಡಿಮೆ. ಕೋಣೆಗಿಂತ ಪ್ರೊಸೆಸರ್ 45 ಡಿಗ್ರಿ ಬಿಸಿ ಇದ್ದರೆ, ಈ ಒಂದು ಕಾರಣಕ್ಕೇ ಅದರಲ್ಲಿ ಮೂರ್ನಾಲ್ಕು ಡಿಗ್ರಿ ಬಂದಿರುತ್ತದೆ. ದೊಡ್ಡ ಕೂಲರ್ ಇದ್ದವರಿಗೆ ಲೆಕ್ಕಕ್ಕೇ ಬರಲ್ಲ. 37 ಮಿಮೀ ಕೂಲರಿನಲ್ಲಿ ಅಂಚಿನಲ್ಲಿ ನಿಂತಿರುತ್ತೀರಿ, ಅಲ್ಲಿ ಮೂರು ಡಿಗ್ರಿಗೂ ಬೆಲೆ ಇದೆ.

ಬೋರ್ಡುಬಿಚ್ಚಪ್ಪ, ಹಾಸನ

ಎತ್ತರದ ಲೆಕ್ಕ ಪುಸ್ತಕದಲ್ಲಿ ಸರಿ. ಆದರೆ ಮಂಗಳೂರಿನ ಏಪ್ರಿಲ್ ಮಧ್ಯಾಹ್ನಕ್ಕೂ ಚಿಕ್ಕಮಗಳೂರಿನ ಏಪ್ರಿಲ್ ಮಧ್ಯಾಹ್ನಕ್ಕೂ ಇರುವ ವ್ಯತ್ಯಾಸದಲ್ಲಿ ನಿಮ್ಮ ಮೂರು ಡಿಗ್ರಿ ಯಾವತ್ತೋ ವಾಪಸ್ ಬಂದಿರುತ್ತದೆ. ಡಿಸೆಂಬರ್ ಬೆಳಿಗ್ಗೆಯಂತೂ ಕೇಳಲೇಬೇಡಿ, ಫ್ಯಾನ್ ಕಿತ್ತಿಟ್ಟರೂ ನಡೆಯಬಹುದು. ಗಿರಿಯಂಚುಗೆ ಸುಮ್ನೆ ಹೆದರಿಸಬೇಡಿ.

ತಾಮ್ರದಕಡ್ಡಿ, ಹಾಸನ

ಹೆದರಿಸಿದ್ದಲ್ಲ ಮಾರಾಯ್ರೇ. ಬೇರೆ ಊರಿನವರು ವಿಡಿಯೊದಲ್ಲಿ ತೋರಿಸುವ ಡಿಗ್ರಿಯನ್ನು ಹಾಗೇ ನಮ್ಮ ಊರಿಗೆ ತರಬಾರದು ಅಂದೆ.

ಮಳೆನಾಡಿನ ತಂತಿ, ಆಲ್ದೂರು

ಇಬ್ಬರೂ ಕೂಲರ್ ಬಗ್ಗೆಯೇ ಮಾತಾಡುತ್ತಿದ್ದೀರಿ. ಶಾಖ ಎಷ್ಟು ಹುಟ್ಟುತ್ತದೆ ಅಂತ ಯಾರೂ ಕೇಳಲಿಲ್ಲ, ಅಲ್ವಾ?

5600ಜಿ ಮೇಲೆ 65 ವ್ಯಾಟ್ ಅಂತ ಬರೆದಿರುತ್ತದೆ. ಅದು ಪೂರ್ತಿ ನಿಜ ಅಲ್ಲ. ಎಎಂ4ನಲ್ಲಿ, ಅಂದರೆ ಈ ಪ್ರೊಸೆಸರ್ ಕೂರುವ ಸಾಕೆಟ್ಟಿನಲ್ಲಿ, ಎಳೆಯಲು ಬಿಡುವ ಮಿತಿ ಬರೆದ ಅಂಕಿಯ 1.35 ಪಟ್ಟು. ಅಂದರೆ ಎಲ್ಲಾ ಕೋರ್ (ಪ್ರೊಸೆಸರಿನ ಲೆಕ್ಕ ಮಾಡುವ ಭಾಗ) ದುಡಿಯುವಾಗ 88 ವ್ಯಾಟ್‌ವರೆಗೆ ಹೋಗಬಹುದು. ವಿಡಿಯೊ ಎಕ್ಸ್‌ಪೋರ್ಟ್ ಅಂದರೆ ಅದೇ ಕೆಲಸ, ಬಿಡುವಿಲ್ಲದೆ ಅರ್ಧ ಗಂಟೆ. 37 ಮಿಮೀ ಕೂಲರಿಗೆ 88 ಜಾಸ್ತಿ ಆಯಿತು. ಎಕ್ಸ್47ಗೂ ಅಂಥ ಸುಲಭ ಏನಲ್ಲ.

ಆದರೆ ಈ ಪ್ರೊಸೆಸರಿನಲ್ಲಿ ಒಂದು ಅನುಕೂಲ ಇದೆ. ಕಂಪನಿಯೇ 45ರಿಂದ 65 ವ್ಯಾಟ್ ನಡುವೆ ಇಟ್ಟುಕೊಳ್ಳಬಹುದು ಅಂತ ಕೊಟ್ಟಿದೆ. ಬಯೋಸಿಗೆ (ಯಂತ್ರ ಆನ್ ಆಗುವಾಗ ತೆರೆಯುವ ಬೋರ್ಡಿನ ಸೆಟ್ಟಿಂಗ್ ಪುಟ) ಹೋಗಿ 45 ಆರಿಸಿದರೆ ಮಿತಿ 61 ವ್ಯಾಟಿನ ಹತ್ತಿರ ಬರುತ್ತದೆ. ಬೋರ್ಡಿನಿಂದ ಬೋರ್ಡಿಗೆ ಇದರ ಹೆಸರು ಬೇರೆ. ಕೆಲವು ಕಡೆ ಇಕೊ ಮೋಡ್, ಕೆಲವು ಕಡೆ ಸಿಟಿಡಿಪಿ ಅಂತ ಎಲ್ಲೋ ಒಳಗೆ ಅಡಗಿರುತ್ತದೆ. ಶಾಖ ಮೂರರಲ್ಲಿ ಒಂದು ಪಾಲು ಇಳಿಯಿತು ಅಂದುಕೊಳ್ಳಿ. ವೇಗ ಅಷ್ಟು ಇಳಿಯುವುದಿಲ್ಲ, ಯಾಕೆಂದರೆ ಕೊನೆಯ ಸ್ವಲ್ಪ ಮೆಗಾಹರ್ಟ್ಸ್‌ಗಾಗಿಯೇ ಈ ಚಿಪ್ಪುಗಳು ಬೇಕಾಬಿಟ್ಟಿ ಕರೆಂಟು ಕುಡಿಯುವುದು. ಲಗ್ನಪತ್ರಿಕೆ ಮಾಡುವಾಗ ನಿಮಗೆ ವ್ಯತ್ಯಾಸವೇ ಗೊತ್ತಾಗಲ್ಲ. ಎಕ್ಸ್‌ಪೋರ್ಟ್ ಸ್ವಲ್ಪ ನಿಧಾನ ಆಗುತ್ತದೆ, ಒಂದು ಕಾಫಿ ಜಾಸ್ತಿ ಕುಡಿಯಿರಿ.

ಈ ಚಿಪ್ ಆರಿಸಿದ್ದೂ ಒಳ್ಳೆಯದೇ ಆಯಿತು. 5600ಎಕ್ಸ್ ಅನ್ನುವ ಪ್ರೊಸೆಸರಿನಲ್ಲಿ ಕೋರ್‌ಗಳು ಸುಮಾರು 80 ಚದರ ಮಿಮೀ ತುಂಡೊಂದರಲ್ಲಿ, ಅದೂ ನಡುವೆ ಅಲ್ಲ, ಒಂದು ಮೂಲೆಗೆ. ಶಾಖ ಎಲ್ಲಾ ಅಲ್ಲಿಂದಲೇ ಬರುತ್ತದೆ. 5600ಜಿಯಲ್ಲಿ ಗ್ರಾಫಿಕ್ಸ್ ಸೇರಿ ಎಲ್ಲವೂ 180 ಚದರ ಮಿಮೀ ಇರುವ ಒಂದೇ ಚಿಪ್ಪಿನಲ್ಲಿದೆ. ಸಣ್ಣ ಕೂಲರಿಗೆ ಇದೇ ಸಲೀಸು.

ಸದ್ದಿನ ಬಗ್ಗೆ. ಎಲ್9ರ ಫ್ಯಾನ್ 92 ಮಿಮೀ ಅಗಲ, 14 ಮಿಮೀ ದಪ್ಪ. ಮಾಮೂಲಿ ಫ್ಯಾನ್ 25 ಮಿಮೀ ದಪ್ಪ ಇರುತ್ತದೆ. ತೆಳು ಫ್ಯಾನಿನ ಬ್ಲೇಡಿಗೆ ಗಾಳಿಯನ್ನು ಒತ್ತಿ ತಳ್ಳುವ ಬಲ ಕಡಿಮೆ, ಅದಕ್ಕೆ ಜೋರಾಗಿ ತಿರುಗಬೇಕಾಗುತ್ತದೆ. ಪೂರ್ತಿ ವೇಗ ನಿಮಿಷಕ್ಕೆ 2,500 ಸುತ್ತು. ಡಬ್ಬದಲ್ಲಿ ಒಂದು ಸಣ್ಣ ಅಡಾಪ್ಟರ್ ತಂತಿ ಕೊಡುತ್ತಾರೆ, ಫ್ಯಾನಿಗೂ ಬೋರ್ಡಿಗೂ ನಡುವೆ ಸಿಕ್ಕಿಸಿದರೆ 1,800ಕ್ಕಿಂತ ಮೇಲೆ ಹೋಗಲ್ಲ. 45 ವ್ಯಾಟ್‌ಗೆ ಇಳಿಸಿದ ಮೇಲೆ ಅದನ್ನು ಹಾಕಿ ನೋಡಿ. ಅಂಗಡಿಯಲ್ಲಿ ಅಷ್ಟು ಸದ್ದು ಕೇಳಿಸಲ್ಲ, ಹೊರಗೆ ಶನಿವಾರದ ಟ್ರಾಫಿಕ್ ಇದ್ದೇ ಇರುತ್ತದಲ್ಲ.

ಜನ ಬೈಯುವುದು ನಿಜವಾಗಿ ಜೋರು ಸದ್ದನ್ನಲ್ಲ, ಏರಿಳಿಯುವ ಸದ್ದನ್ನು. ಬ್ರೌಸರ್ ತೆರೆದರೆ ಸಾಕು, ರೈಜನ್ ಒಂದು ಕ್ಷಣಕ್ಕೆ ಹತ್ತು ಡಿಗ್ರಿ ಜಿಗಿಯುತ್ತದೆ. ಫ್ಯಾನ್ ಅದನ್ನು ನೋಡಿ ಹುಯ್ಯೆಂದು ಏಳುತ್ತದೆ, ಮತ್ತೆ ಮಲಗುತ್ತದೆ, ಮತ್ತೆ ಏಳುತ್ತದೆ. ಬಯೋಸಿನ ಫ್ಯಾನ್ ಪುಟದಲ್ಲಿ 70 ಡಿಗ್ರಿವರೆಗೆ ಒಂದೇ ವೇಗ ಇಡಿ, ಅಲ್ಲಿಂದ ನಿಧಾನಕ್ಕೆ ಏರಿಸಿ. ವೇಗ ಬದಲಿಸುವ ಮುಂಚೆ ಕೆಲವು ಸೆಕೆಂಡ್ ಕಾಯುವ ಆಯ್ಕೆ ಇದ್ದರೆ ಅದನ್ನೂ ಹಾಕಿ. ಈ ಚಿಪ್ಪಿನ ಮಿತಿ 95 ಡಿಗ್ರಿ. ಎಕ್ಸ್‌ಪೋರ್ಟ್ ವೇಳೆ 80 ದಾಟಿದರೆ ಗಾಬರಿ ಬೀಳಬೇಡಿ.

ಗಿರಿಯಂಚು, ಚಿಕ್ಕಮಗಳೂರು

ಇಷ್ಟೊಂದು ವಿವರ ಬರುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಬಿಚ್ಚಪ್ಪನವರು ಹೇಳಿದ ಹಾಗೆ ಪಟ್ಟಿ ಇಟ್ಟು ಅಳೆದೆ. ಪ್ರೊಸೆಸರ್ ಮೇಲ್ಮೈಯಿಂದ ಮುಚ್ಚಳದ ಒಳಬದಿಗೆ 48ರ ಹತ್ತಿರ ಇದೆ. ಮುಚ್ಚಳದಲ್ಲಿ ಪ್ರೊಸೆಸರ್ ಎದುರಿಗೇ ಸಣ್ಣ ಸಣ್ಣ ತೂತುಗಳಿವೆ, ಹೆಚ್ಚೂ ಕಡಿಮೆ ಅಂಗೈ ಅಗಲದಷ್ಟು ಜಾಗದಲ್ಲಿ. ಕೇಸಿನ ಮೇಲ್ಭಾಗದಲ್ಲೂ ಒಂದು ಸಾಲು ತೂತು ಇದೆ. ಬೇರೆ ಫ್ಯಾನ್ ಇಲ್ಲ.

ತೂತು ಇದೆಯಲ್ಲ, ಹಾಗಾದರೆ 47ರದ್ದೇ ಹಾಕಬಹುದು ಅಂತ ಆಯಿತಾ? ಇಲ್ಲಾ ಇನ್ನೂ ಏನಾದರೂ ಇದೆಯಾ?

ಬೋರ್ಡುಬಿಚ್ಚಪ್ಪ, ಹಾಸನ

ಹಾಕಬಹುದು. ಕೂರುತ್ತದೆ, ತಣ್ಣಗೂ ಇರುತ್ತದೆ. ಹೊರಗಿನ ಗಾಳಿಯನ್ನೇ ನೇರ ಎಳೆಯುತ್ತದೆ, ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಆದರೆ ತಿರುಗುವ ಬ್ಲೇಡು ತೂತಿನ ತಗಡಿಗೆ ಒಂದೆರಡು ಮಿಮೀ ಹತ್ತಿರ ಬಂದರೆ ಒಂಥರಾ ಶಿಳ್ಳೆ ಸದ್ದು ಹುಟ್ಟುತ್ತದೆ. ಗಾಳಿಯ ಹುಯ್‌ ಅನ್ನುವುದಲ್ಲ, ಒಂದೇ ಶ್ರುತಿಯಲ್ಲಿ ಕುಯ್ಯ್ ಅನ್ನುವುದು. ಗಿರಾಕಿ ಎದುರಿಗೆ ಕೂತಿರುವ ಅಂಗಡಿಗೆ ಅದು ಬೇಡ.

37ರದ್ದು ಹಾಕಿದರೆ ಶಿಳ್ಳೆ ಇರುವುದಿಲ್ಲ, ಆದರೆ ಆಗ ಇನ್ನೊಂದು ತಾಪತ್ರಯ. ಮೇಲೆ ಉಳಿದ 11 ಮಿಮೀ ಸಂದಿಯಲ್ಲಿ ಫ್ಯಾನ್ ಹೊರಗಿನ ಗಾಳಿಯ ಜೊತೆ ಕೇಸಿನೊಳಗಿನ ಬಿಸಿ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ರೆಕ್ಕೆಯಿಂದ ಹೊರಬಂದ ಬಿಸಿಗಾಳಿ ಸುತ್ತಿ ಬಂದು ಮತ್ತೆ ಫ್ಯಾನಿನ ಬಾಯಿಗೇ. ಮೊದಲ ಐದು ನಿಮಿಷ ಎಲ್ಲಾ ಚೆನ್ನಾಗಿರುತ್ತದೆ, ಆಮೇಲೆ ಮೆಲ್ಲಗೆ ಏರುತ್ತಾ ಹೋಗುತ್ತದೆ.

ಇದಕ್ಕೆ ಮದ್ದು ಫೋಮಿನ ಚೌಕಟ್ಟು. ಮಕ್ಕಳ ಕ್ರಾಫ್ಟ್‌ಗೆ ಸ್ಟೇಷನರಿ ಅಂಗಡಿಯಲ್ಲಿ ಇವಿಎ ಫೋಮ್ ಶೀಟ್ ಮಾರುತ್ತಾರೆ, ನಿಮಗೆ ಅದು ಗೊತ್ತೇ ಇರುತ್ತದೆ. 92 ಮಿಮೀ ಚೌಕ ಕತ್ತರಿಸಿ, ನಡುವೆ ಬ್ಲೇಡು ತಿರುಗುವಷ್ಟು ದುಂಡಗೆ ತೆಗೆಯಿರಿ. ಒಂದರ ಮೇಲೊಂದು ಅಂಟಿಸಿ ಸಂದಿಗಿಂತ ಅರ್ಧ ಮಿಮೀ ದಪ್ಪ ಮಾಡಿ. ಮುಚ್ಚಳ ಹಾಕಿದಾಗ ಸ್ವಲ್ಪ ಒತ್ತಿಕೊಂಡು ಕೂರಬೇಕು, ಜಾಸ್ತಿ ಒತ್ತಿದರೆ ಬೋರ್ಡಿಗೆ ಭಾರ. ಫೋಮನ್ನು ಫ್ಯಾನಿಗಲ್ಲ, ಮುಚ್ಚಳಕ್ಕೆ ಅಂಟಿಸಿ. ಕ್ಲೀನ್ ಮಾಡುವಾಗ ಮುಚ್ಚಳದ ಜೊತೆಗೇ ಬಂದುಬಿಡುತ್ತದೆ. ಈಗ ಫ್ಯಾನ್ ಎಳೆಯುವುದೆಲ್ಲಾ ಹೊರಗಿನ ಗಾಳಿ, ತಳ್ಳಿದ್ದೆಲ್ಲಾ ಮೇಲಿನ ಸಾಲು ತೂತಿನಿಂದ ಹೊರಗೆ. ಕೇಸ್ ನಿಂತಿರುವುದರಿಂದ ಬಿಸಿಗಾಳಿ ತಾನಾಗಿ ಮೇಲಕ್ಕೆ ಹೋಗಲು ಅನುಕೂಲ. ಮೇಲಿನ ತೂತಿನ ಮೇಲೆ ಮಾತ್ರ ಬಿಲ್ ಪುಸ್ತಕ ಇಡಬೇಡಿ.

ಫ್ಯಾನ್ ಕೆಳಕ್ಕೇ ಊದಲಿ, ಉಲ್ಟಾ ಮಾಡುವ ಪ್ರಯೋಗ ಬೇಡ. ಈ ಥರದ ಕೂಲರಿನ ದೊಡ್ಡ ಲಾಭವೇ ಅದು. ಪ್ರೊಸೆಸರ್ ದಾಟಿದ ಗಾಳಿ ಪಕ್ಕದ ವಿದ್ಯುತ್ ಸರ್ಕ್ಯೂಟಿಗೆ, ರ‍್ಯಾಮಿಗೆ, ಹತ್ತಿರವೇ ಇದ್ದರೆ ಎಂ.2 ಎಸ್‌ಎಸ್‌ಡಿಗೂ ತಾಗುತ್ತದೆ. ಎತ್ತರದ ಟವರ್ ಕೂಲರಿನಲ್ಲಿ ಅವೆಲ್ಲಾ ತಮ್ಮ ಪಾಡಿಗೆ ಬೇಯುತ್ತಿರುತ್ತವೆ. ಹಾಂ, ರ‍್ಯಾಮ್ ತೆಗೆದುಕೊಳ್ಳುವಾಗ ಮೇಲೆ ಕಿರೀಟ ಇರುವುದು ಬೇಡ. ಸಾದಾ 31 ಮಿಮೀ ಎತ್ತರದ್ದು ಎರಡು ಹಾಕಿ. ಒಂದೇ ಹಾಕಿದರೆ ಇದರ ಒಳಗಿನ ಗ್ರಾಫಿಕ್ಸ್ ಸೊರಗುತ್ತದೆ.

ದುಡ್ಡು ಉಳಿಸಬೇಕು ಅಂದರೆ ಥರ್ಮಲ್‌ರೈಟ್‌ನದ್ದೇ ಎಕ್ಸ್36 ಇದೆ. ಎತ್ತರ 36, ಪೈಪ್ ನಾಲ್ಕು. 45 ವ್ಯಾಟಿನಲ್ಲಿ ಓಡಿಸುವವರಿಗೆ ಅದೂ ಧಾರಾಳ ಸಾಕು. ನಾಕ್ಟುವಾಗೆ ಜಾಸ್ತಿ ಕೊಡುವುದು ಪೈಪಿಗಲ್ಲ, ಫ್ಯಾನಿಗೆ ಮತ್ತು ಆರು ವರ್ಷದ ಗ್ಯಾರಂಟಿಗೆ. ತೆಳು ಫ್ಯಾನಿನಲ್ಲಿ ಬೇರಿಂಗ್ ಕೆಟ್ಟರೆ ಅದೇ ಅಳತೆಯದ್ದು ನಮ್ಮ ಊರುಗಳಲ್ಲಿ ಸಿಗಲ್ಲ, ಬೆಂಗಳೂರಿನ ಎಸ್.ಪಿ. ರೋಡಿಗೆ ಹೇಳಬೇಕು. ನಾನಾದರೆ ಅಂಗಡಿಗೆ ಎಲ್9, ಮನೆಗೆ ಎಕ್ಸ್36.

ಮಳೆನಾಡಿನ ತಂತಿ, ಆಲ್ದೂರು

ಮಳೆ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಯಂತ್ರ ಓಡುತ್ತಿರುವಾಗ ಕೂಲರ್ ಯಾವಾಗಲೂ ಕೋಣೆಗಿಂತ ಬಿಸಿ ಇರುತ್ತದೆ, ಅದರ ಮೇಲೆ ನೀರು ಕಟ್ಟುವ ಮಾತೇ ಇಲ್ಲ. ತೊಂದರೆ ಆಫ್ ಇರುವಾಗ. ರೆಕ್ಕೆಗಳ ನಡುವೆ ಕೂತ ಧೂಳು ಜುಲೈ ತಿಂಗಳ ತೇವ ಹೀರಿ ಹಿಟ್ಟಿನಂತಾಗುತ್ತದೆ, ಆಮೇಲೆ ಬೇಸಿಗೆಯಲ್ಲಿ ಒಣಗಿ ಗಟ್ಟಿಯಾಗುತ್ತದೆ. ಊದಿದರೆ ಬರಲ್ಲ. ಇಂಥ ಕೂಲರಿನಲ್ಲಿ ಸಂದಿಗಳೇ ಕಿರಿದು, ಬೇಗ ಕಟ್ಟಿಕೊಳ್ಳುತ್ತದೆ. ಹಾಗಾಗಿ ಮೇ ಕೊನೆಯಲ್ಲಿ, ಮಳೆ ಶುರುವಾಗುವ ಮುಂಚೆಯೇ ಒಣ ಧೂಳು ತೆಗೆದುಬಿಡಿ. ಮೆತ್ತನೆ ಬ್ರಷ್ ಸಾಕು. ಬ್ಲೋವರ್ ಹಿಡಿಯುವುದಾದರೆ ಫ್ಯಾನನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಬುರ್ರೆಂದು ತಿರುಗಲು ಬಿಟ್ಟರೆ ಬೇರಿಂಗಿಗೂ ಕೆಟ್ಟದ್ದು, ತಿರುಗುವ ಫ್ಯಾನ್ ತಾನೇ ಕರೆಂಟು ಹುಟ್ಟಿಸಿ ಬೋರ್ಡಿಗೆ ಕಳಿಸುವುದೂ ಉಂಟು. ನಮ್ಮ ಕಡೆ ಜನವರಿ ಫೆಬ್ರವರಿಯಲ್ಲಿ ಕಣದಲ್ಲಿ ಕಾಫಿ ಒಣಗಿಸುವಾಗ ಏಳುವ ಧೂಳು ಬೇರೆ. ನೀವು ಪೇಟೆಯಲ್ಲಿದ್ದೀರಿ, ಅಷ್ಟು ಇರಲಿಕ್ಕಿಲ್ಲ.

ತೂತಿನ ಮೇಲೆ ಸೊಳ್ಳೆ ಪರದೆ ಅಂಟಿಸುವವರಿದ್ದಾರೆ. ಧೂಳು ತಡೆಯುತ್ತದೆ, ನಿಜ. ಆದರೆ 14 ಮಿಮೀ ಫ್ಯಾನಿಗೆ ಮೊದಲೇ ಬಲ ಕಡಿಮೆ, ಅದರ ಮೂತಿಗೆ ಬಟ್ಟೆ ಕಟ್ಟಬೇಡಿ. ಮಳೆಗಾಲದಲ್ಲಿ ಅಂಗಡಿಗೆ ಎರಡು ಮೂರು ದಿನ ರಜೆ ಹಾಕಿದರೂ ಮನೆಯಲ್ಲಿ ಯಾರಾದರೂ ಒಂದರ್ಧ ಗಂಟೆ ಆನ್ ಮಾಡಿ ಬಿಡಲಿ. ಬೋರ್ಡ್ ಒಣಗುತ್ತದೆ.

ಗಿರಿಯಂಚು, ಚಿಕ್ಕಮಗಳೂರು

ಸರಿ, ಎಲ್9ಎ-ಎಎಂ4 ಆರ್ಡರ್ ಮಾಡುತ್ತೇನೆ. ಫೋಮ್ ಶೀಟ್ ಅಂಗಡಿಯಲ್ಲೇ ಇದೆ, ಕಟ್ ಮಾಡುವುದು ನನಗೆ ನೀರು ಕುಡಿದಷ್ಟು ಸುಲಭ. ಈಗಿರುವ ಕೂಲರ್ ಬಿಚ್ಚಿ ಇದನ್ನು ಹಾಕುವಾಗ ನೋಡಿಕೊಳ್ಳಬೇಕಾದ್ದು ಏನಾದರೂ ಇದೆಯಾ? ಮತ್ತೆ ಮುಂದೆ ಯಾವತ್ತಾದರೂ ಎಎಂ5ಗೆ (ಎಎಂ4 ನಂತರದ ಸಾಕೆಟ್) ಹೋದರೆ ಇದೇ ಕೂಲರ್ ನಡೆಯುತ್ತಾ?

ಬೋರ್ಡುಬಿಚ್ಚಪ್ಪ, ಹಾಸನ

ಇದೆ, ಒಂದು ಮುಖ್ಯವಾದದ್ದು. ಎಎಂ4ನಲ್ಲಿ ಪಿನ್ನುಗಳು ಪ್ರೊಸೆಸರಿನಲ್ಲೇ ಇರುತ್ತವೆ. ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚಿದ ಹಳೇ ಪೇಸ್ಟ್ ಗಟ್ಟಿಯಾಗಿದ್ದರೆ ಕೂಲರ್ ಎತ್ತಿದಾಗ ಪ್ರೊಸೆಸರೂ ಅದಕ್ಕೆ ಅಂಟಿಕೊಂಡು ಸಾಕೆಟ್ಟಿನಿಂದ ಕಿತ್ತು ಬರುತ್ತದೆ, ಲಾಕ್ ಹಾಕಿದ್ದರೂ. ಪಿನ್ ಬಗ್ಗಿತೋ, ಮುಗಿಯಿತು ಕಥೆ. ನನ್ನ ಬೆಂಚಿಗೆ ಬರುವ ಬಗ್ಗಿದ ಪಿನ್ನುಗಳೆಲ್ಲಾ ಹೀಗೇ ಬಂದವು. ಅದಕ್ಕೆ ಹತ್ತು ಹದಿನೈದು ನಿಮಿಷ ಏನಾದರೂ ಭಾರದ ಕೆಲಸ ಓಡಿಸಿ ಬಿಸಿ ಮಾಡಿ. ಆಫ್ ಮಾಡಿ, ಪ್ಲಗ್ ಕಿತ್ತು, ನಾಲ್ಕು ಸ್ಕ್ರೂ ಸಡಿಲಿಸಿ. ನೇರ ಮೇಲಕ್ಕೆ ಎಳೆಯಬೇಡಿ. ಕೂಲರನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ತಿರುವಿ. ಪೇಸ್ಟಿನ ಹಿಡಿತ ಬಿಟ್ಟಿದ್ದು ಕೈಗೇ ಗೊತ್ತಾಗುತ್ತದೆ. ಆಮೇಲೆ ಎತ್ತಿ.

ಎಲ್9ಎ-ಎಎಂ4ಗೆ ಸ್ಕ್ರೂ ಬರುವುದು ಬೋರ್ಡಿನ ಹಿಂದಿನಿಂದ. ಅದರದ್ದೇ ಹಿಂಬದಿ ತಗಡು ಡಬ್ಬದಲ್ಲಿ ಇರುತ್ತದೆ, ಬೋರ್ಡಿನ ಜೊತೆ ಬಂದ ತಗಡನ್ನು ತೆಗೆಯಬೇಕು. ಅಂದರೆ ಬೋರ್ಡನ್ನು ಕೇಸಿಗೆ ಕೂರಿಸುವ ಮುಂಚೆಯೇ ಈ ಕೆಲಸ ಮುಗಿಸಿಬಿಡಿ, ನಿಮ್ಮ ಬೋರ್ಡ್ ಹೇಗೂ ರಟ್ಟಿನ ಮೇಲೆ ಇದೆಯಲ್ಲ. ಕೂಲರನ್ನು ಮೇಜಿನ ಮೇಲೆ ಉಲ್ಟಾ ಇಟ್ಟು, ಅದರ ಮೇಲೆ ಬೋರ್ಡನ್ನು ಬೋರಲು ಹಾಕಿ ಸ್ಕ್ರೂ ಮಾಡಿದರೆ ಸುಲಭ. ಸ್ಕ್ರೂಗಳನ್ನು ಒಂದೊಂದೇ ಪೂರ್ತಿ ಬಿಗಿಯಬೇಡಿ. ಎದುರುಬದುರಿನ ಮೂಲೆ ಹಿಡಿದು ಒಂದೆರಡು ಸುತ್ತು, ಮತ್ತೆ ಉಳಿದೆರಡು, ಹೀಗೆ. ಹಳೇ ತಗಡು, ಅದರ ಪ್ಲಾಸ್ಟಿಕ್ ಕೊಂಡಿ ಎರಡನ್ನೂ ಒಂದು ಕವರಿಗೆ ಹಾಕಿ ಕೇಸಿನ ಡಬ್ಬದಲ್ಲೇ ಇಡಿ. ಯಾವತ್ತೋ ಬೇರೆ ಕೂಲರ್ ಹಾಕುವಾಗ ಅದು ಬೇಕಾಗುತ್ತದೆ, ಆಗ ಸಿಗಲ್ಲ.

ಎಎಂ5ಗೆ ಇದು ಹಾಗೇ ನಡೆಯಲ್ಲ. ಅಲ್ಲಿ ಹಿಂದಿನ ತಗಡು ಸಾಕೆಟ್ಟನ್ನೇ ಹಿಡಿದುಕೊಂಡಿರುವುದರಿಂದ ತೆಗೆಯುವಂತಿಲ್ಲ. ಅದಕ್ಕೆ ಎನ್‌ಎಚ್-ಎಲ್9ಎ-ಎಎಂ5 ಅಂತ ಬೇರೆಯೇ ಇದೆ, ಎತ್ತರ ಅದೇ 37, ಸ್ಕ್ರೂ ಮೇಲಿನಿಂದ. ಎಕ್ಸ್36 ತೆಗೆದುಕೊಂಡರೆ ಎರಡಕ್ಕೂ ಆಗುತ್ತದೆ. ಆರ್ಡರ್ ಒತ್ತುವ ಮುಂಚೆ ಇದೊಂದು ಯೋಚನೆ ಮಾಡಿ.

ಗಿರಿಯಂಚು, ಚಿಕ್ಕಮಗಳೂರು

ಎಎಂ5 ಎಲ್ಲಾ ಸದ್ಯಕ್ಕೆ ದೂರದ ಮಾತು. ಎಲ್9ಎ-ಎಎಂ4ಗೇ ಒತ್ತಿದೆ. ಬಂದ ಮೇಲೆ 45ರಲ್ಲೂ 65ರಲ್ಲೂ ಒಂದೇ ಮದುವೆ ವಿಡಿಯೊ ಎಕ್ಸ್‌ಪೋರ್ಟ್ ಮಾಡಿ, ಫೋಮ್ ಇದ್ದಾಗ ಎಷ್ಟು, ಇಲ್ಲದಾಗ ಎಷ್ಟು ಅಂತ ಡಿಗ್ರಿ ಇಲ್ಲೇ ಹಾಕುತ್ತೇನೆ.

ತಾಮ್ರದಕಡ್ಡಿ, ಹಾಸನ

ಕೋಣೆಯ ಡಿಗ್ರಿಯನ್ನೂ ಬರೆಯಿರಿ, ಇಲ್ಲದಿದ್ದರೆ ಬಿಚ್ಚಪ್ಪನವರೂ ನಾನೂ ಮತ್ತೆ ಶುರು ಮಾಡುತ್ತೇವೆ.